ಓರ್ತಾದ ಗೋಡೆಯ ಮೇಲೆ ಬರೆಯದ ಹೆಸರು

ಗುರುಕಿರಣನನ್ನು ಫೇಲ್ ಮಾಡುವುದೆಂದು ಸುರಕ್ಷಾ ಅವನು ಬರುವ ಮೊದಲೇ ತೀರ್ಮಾನಿಸಿಬಿಟ್ಟಿದ್ದಳು. ಇನ್ನು ಕಾರಣವೊಂದನ್ನು ಹುಡುಕಬೇಕಿತ್ತು, ಅಷ್ಟೆ. ಅದಕ್ಕೇನೂ ಕಷ್ಟಪಡಬೇಕಾಗಿಲ್ಲ ಎಂದುಕೊಂಡು ಅಲಮೀಡಾದ ಮರೀನಾದಲ್ಲಿ ಹಗ್ಗ ಸುತ್ತುತ್ತ ನಿಂತಿದ್ದಳು. ಮಂಡ್ಯದ ಕಡೆಯವನು. ನೀರು ಅಂದರೆ ವಿ.ಸಿ. ನಾಲೆ ಕಂಡವನು. ಅವನು ಹಾಯಿದೋಣಿ ನಡೆಸುವ ಸ್ಕಿಪ್ಪರ್ ಆಗುತ್ತಾನಂತೆ.

ಅವನೊಬ್ಬನೇ ಏಕೆ, ಬೇ ಏರಿಯಾದ ಕನ್ನಡಿಗರಿಗೆಲ್ಲ ಈಗ ಹಾಯಿದೋಣಿಯ ಹುಚ್ಚು. ಮೊದಲು ಮ್ಯಾರಥಾನ್ ಓಡಿದರು. ಆಮೇಲೆ ಮನೆಮನೆಯಲ್ಲೂ ಸೋರ್‌ಡೋ ಬ್ರೆಡ್ಡಿನ ಹಿಟ್ಟು ಹುಳಿ ಬಂತು. ಅದೂ ಸಾಕಾದ ಮೇಲೆ ಇದು. ಬಿಳಿ ಶೂ ಹಾಕಿಕೊಂಡು ಬರುತ್ತಾರೆ, ದೋಣಿ ಕಟ್ಟಿದ ಹಗ್ಗವನ್ನು ಇನ್ನೂ ಬಿಚ್ಚಿರುವುದಿಲ್ಲ, ಅಷ್ಟರಲ್ಲೇ ಚುಕ್ಕಾಣಿ ಹಿಡಿದು ಫೋಟೋ ತೆಗೆಸಿಕೊಳ್ಳುತ್ತಾರೆ. ಸಂಜೆಗೆ ಅದು ಸ್ಟೇಟಸ್ಸಿನಲ್ಲಿ. ವಾರವಿಡೀ ಫಾಸ್ಟರ್ ಸಿಟಿಯ ಬಯೋಟೆಕ್ ಲ್ಯಾಬಿನಲ್ಲಿ ದುಡಿದು, ವೀಕೆಂಡಿಗೆ ಈ ಕ್ಲಬ್ಬಿನಲ್ಲಿ ಇಂಥವರಿಗೆ ಪಾಠ ಹೇಳುತ್ತಿದ್ದ ಸುರಕ್ಷಾಳಿಗೆ ಅವರನ್ನು ಕಂಡರೆ ತಿರಸ್ಕಾರ. ಆ ತಿರಸ್ಕಾರದಲ್ಲಿ ಒಂದು ಸುಖವೂ ಇತ್ತು. ಮಲ್ಪೆಯಲ್ಲಿ ಅವಳ ಅಪ್ಪನದು ಮೀನಿನ ದೋಣಿ. ಅಜ್ಜ ಕಂಪಾಸೊಂದನ್ನೇ ನಂಬಿ ಕಡಲಿಗೆ ಇಳಿಯುತ್ತಿದ್ದವರು. ಅಂಥ ಮನೆಯಿಂದ ಬಂದವಳು ಈ ಬಿಳಿ ಶೂಗಳನ್ನು ಮೂಗು ಮುರಿಯದೆ ನೋಡುವುದಾದರೂ ಹೇಗೆ?

ಗುರುಕಿರಣ್ ಬಂದ. ಅವನ ಶೂ ಬಿಳಿಯಲ್ಲ, ಹಳೆಯದು, ಹಿಮ್ಮಡಿಯಲ್ಲಿ ಸವೆದದ್ದು. ಅದರಿಂದಲೂ ಅವಳಿಗೆ ಕಿರಿಕಿರಿಯಾಯಿತು. ಹೆಗಲಿಗೊಂದು ಬ್ಯಾಗು, ಕೈಯಲ್ಲಿ ಸ್ಟೀಲಿನ ಡಬ್ಬಿ.

"ತರುಣ್ ಎಲ್ಲಿ? ಮೂರನೇ ಜನ ಬೇಕು ಅಂತ ಹೇಳಿದ್ದೆ," ಎಂದಳು.

"ಬರಲ್ವಂತೆ. ಆರತಿಗೆ ತಲೆನೋವು."

"ತಲೆನೋವು ಆರತಿಗೆ. ತರುಣ್‌ಗೆ ಎಂತ ಆಗಿದೆ?"

"ಅವನಿಗೆ ಆರತಿ ಇದ್ದಾಳಲ್ಲ, ಅದೇ ಸಾಕು."

ಅವಳು ನಗಲಿಲ್ಲ. ನಗು ಬಂದದ್ದು ನಿಜ, ಹಲ್ಲು ಕಚ್ಚಿ ತಡೆದಳು. ಆರತಿ ಮತ್ತು ತರುಣ್ ಗಂಡ ಹೆಂಡತಿ, ಇಬ್ಬರಿಗೂ ಹತ್ತಿರದ ಸ್ನೇಹಿತರು. ಫಾಸ್ಟರ್ ಸಿಟಿಯ ಲಗೂನಿನ ದಂಡೆಯಲ್ಲಿರುವ ತನ್ನ ಮನೆಯಲ್ಲಿ ಕುಳಿತು ಊರಿನವರಿಗೆಲ್ಲ ಗಂಟು ಹಾಕುವುದೇ ಆರತಿಯ ಹವ್ಯಾಸ. ಈ ತಲೆನೋವು ಎಲ್ಲಿ ಹುಟ್ಟಿತೆಂದು ಸುರಕ್ಷಾಳಿಗೆ ಚೆನ್ನಾಗಿ ಗೊತ್ತಿತ್ತು.

"ಕ್ಲಬ್ಬಲ್ಲಿ ಬೇರೆ ಇನ್‌ಸ್ಟ್ರಕ್ಟರ್‌ಗಳು ಇದ್ದಾರಲ್ಲ. ಅವರ ಹತ್ರ ಟೆಸ್ಟ್ ಕೊಡ್ಬಹುದಿತ್ತು ನೀವು."

"ಕೊಡ್ಬಹುದಿತ್ತು. ಆದ್ರೆ ಅವರು ಬೈಯಲ್ಲ ಕಣ್ರೀ."

"ಬೈಸಿಕೊಳ್ಳಲಿಕ್ಕೆ ಬಂದದ್ದಾ?"

"ಸ್ಕಿಪ್ಪರ್ ಆಗೋಕೆ ಬಂದಿದ್ದು. ಬೈಗುಳ ಬೋನಸ್ಸು."

ಅವನ ಕಣ್ಣಿನ ಮೂಲೆಯಲ್ಲಿ ನಗು ಹೊಳೆದು ಹೋಯಿತು. ಅವಳು ಲೈಫ್ ಜಾಕೆಟ್ಟೊಂದನ್ನು ಅವನತ್ತ ಎಸೆದಳು. ಎದೆಗೆ ಬಡಿಯಲಿ ಎಂದೇ ಎಸೆದದ್ದು. ಅವನು ಒಂದೇ ಕೈಯಲ್ಲಿ ಹಿಡಿದ.

ಬರುವ ತಿಂಗಳು ನಾಲ್ವರೂ ಮತ್ತೆ ಅಝೋರ್ಸ್‌ಗೆ ಹೊರಡುವುದೆಂದು ಮಾತಾಗಿತ್ತು. ನಾಲ್ವರ ವಾಟ್ಸಾಪ್ ಗ್ರೂಪಿನಲ್ಲಿ ಸುರಕ್ಷಾ ಒಂದು ಷರತ್ತು ಹಾಕಿದ್ದಳು: ಗುರುಕಿರಣ್ ಬರುವುದಾದರೆ ಸ್ಕಿಪ್ಪರ್ ಟೆಸ್ಟು ಪಾಸಾಗಿ ಬರಲಿ, ಇಲ್ಲವಾದರೆ ಅವನು ಬೇಡ. ಅವಳಿಲ್ಲದೆ ದೋಣಿ ನಡೆಸುವವರಿಲ್ಲ, ಹಾಗಾಗಿ ಯಾರೂ ಎದುರಾಡಲಿಲ್ಲ. ಇವತ್ತು ಫೇಲಾದರೆ ಅವನ ಕಥೆ ಮುಗಿಯಿತು. ಇನ್ನೆಂದೂ ತಾನು ಅವನಿಗೆ ಇಷ್ಟು ಹತ್ತಿರ ನಿಲ್ಲಬೇಕಾಗಿ ಬರುವುದಿಲ್ಲ. ತನಗೆ ಬೇಕಾಗಿರುವುದು ಅದೇ ಎಂದು ಅವಳು ದಿನಾ ತನಗೆ ತಾನೇ ಹೇಳಿಕೊಳ್ಳುತ್ತಿದ್ದಳು.

ಇಷ್ಟು ಸಿಟ್ಟಿಗೆ ಕಾರಣ ಹೋದ ವರ್ಷದ ಪ್ರವಾಸ.

ಅಟ್ಲಾಂಟಿಕ್ ಸಾಗರದ ನಡುವೆ ಜ್ವಾಲಾಮುಖಿಗಳೇ ತಲೆ ಎತ್ತಿ ನಿಂತು ಆದ ದ್ವೀಪಗಳು ಅಝೋರ್ಸ್. ಸುಟ್ಟು ಕಪ್ಪಾದ ಬಂಡೆ, ಅದರ ಮೇಲೆ ಕಣ್ಣು ಕುಕ್ಕುವ ಹಸಿರು, ಗದ್ದೆಯ ಬದುಗಳಂತೆ ಸಾಲಾಗಿ ನೀಲಿ ಹೂವಿನ ಬೇಲಿ. ಎಲ್ಲದರ ಮೇಲೆ ಪೀಕೊ ಪರ್ವತ, ಮೋಡದ ಮೇಲೆ ಅದರ ತುದಿ ಮಾತ್ರ ಕಾಣುತ್ತಿತ್ತು. ನಾಲ್ವರೂ ಒಂದು ಹಾಯಿದೋಣಿ ಬಾಡಿಗೆಗೆ ಹಿಡಿದು ದ್ವೀಪದಿಂದ ದ್ವೀಪಕ್ಕೆ ಹೋಗುತ್ತಿದ್ದರು. ಸುರಕ್ಷಾ ಸ್ಕಿಪ್ಪರ್. ತರುಣ್ ವಾಂತಿ ಮಾಡಿಕೊಳ್ಳುತ್ತಲೇ ಡ್ರೋನ್ ಹಾರಿಸಿ ಅದನ್ನು ಸಮುದ್ರಕ್ಕೆ ಅರ್ಪಿಸಿದ. ಆರತಿ ಪ್ರೆಶರ್ ಕುಕ್ಕರ್ ಹೊತ್ತು ತಂದಿದ್ದಳು, ಅದು ಅಲೆಗೊಮ್ಮೆ ಉರುಳುತ್ತಿತ್ತು. ಹೇಳಿದ ಕೆಲಸವನ್ನು ಹೇಳಿದ ಹಾಗೆ ಮಾಡುತ್ತಿದ್ದವನು ಗುರುಕಿರಣ್ ಒಬ್ಬನೇ. ಓಕ್ಲ್ಯಾಂಡ್ ಬಂದರಿನಲ್ಲಿ ಯಾವ ಹಡಗು ಯಾವಾಗ ಎಲ್ಲಿ ನಿಲ್ಲಬೇಕೆಂದು ನೋಡಿಕೊಳ್ಳುವ ಕೆಲಸ ಅವನದು, ತಾಳ್ಮೆ ಅಲ್ಲಿಂದಲೇ ಬಂದಿರಬೇಕು.

ಸಾವ್ ಜೋರ್ಜ್ ದ್ವೀಪದ ವೆಲಾಸ್ ಎಂಬ ಪುಟ್ಟ ಬಂದರಿನ ಮೆಟ್ಟಿಲ ಮೇಲೆ ಒಂದು ಮಧ್ಯಾಹ್ನ ಇಬ್ಬರೂ ಕುಳಿತಿದ್ದರು. ಅಲ್ಲಿಯ ಖಾರ ಚೀಸನ್ನು ತುಂಡು ಮಾಡಿ ಅವನು ಹಿಡಿದುಕೊಂಡಿದ್ದ. ಅಪ್ಪನ ದೋಣಿಯ ಬಗ್ಗೆ, ಮಲ್ಪೆಯ ಬೆಳಗಿನ ಬಗ್ಗೆ ಅವಳು ಯಾರಿಗೂ ಹೇಳದ್ದನ್ನೆಲ್ಲ ಹೇಳುತ್ತಿದ್ದಳು. ಗಾಳಿಗೆ ಅವಳ ಕೂದಲು ಮುಖಕ್ಕೆ ಬಂತು. ಅವನ ಎರಡೂ ಕೈಯಲ್ಲಿ ಚೀಸು. ಅವನು ಬಾಗಿ, ಉಫ್ ಎಂದು ಊದಿ ಆ ಕೂದಲನ್ನು ಸರಿಸಿದ.

"ಮುಂದೆ ಹೇಳು," ಎಂದ, ಏನೂ ಆಗಿಲ್ಲವೆಂಬಂತೆ.

ಅವಳಿಗೆ ಮುಂದಿನ ಮಾತು ಮರೆತುಹೋಗಿತ್ತು. ನಾಳೆ ಮುಂದಿನ ದ್ವೀಪದ ಓರ್ತಾ ಬಂದರು ಮುಟ್ಟಿದ ಮೇಲೆ ಇವನಿಗೆ ಹೇಳಿಬಿಡಬೇಕು, ಇನ್ನು ತಡೆಯಲಾಗದು ಎಂದು ಆ ಮೆಟ್ಟಿಲ ಮೇಲೆಯೇ ನಿರ್ಧರಿಸಿದ್ದಳು.

ಮಾರನೆಯ ಬೆಳಿಗ್ಗೆ ಸಂಕಷ್ಟಿ. ಉಡುಪಿಯಿಂದ ಅಮ್ಮ ಆಶಾಲತಾ ವೀಡಿಯೋ ಕಾಲ್ ಮಾಡಿ, ತಾನು ಕೊಟ್ಟ ಗಣಪತಿ ಎಲ್ಲಿ ಎಂದು ವಿಚಾರಿಸಿದರು. ಸುರಕ್ಷಾಳ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಕೂರುತ್ತಿದ್ದ ಹೆಬ್ಬೆರಳುದ್ದದ ಗಣಪತಿ ಅದು. ಅಮ್ಮನ ಒತ್ತಾಯಕ್ಕೆ ಅದನ್ನು ಅಲ್ಲಿಂದ ಕಿತ್ತು ಪ್ರವಾಸಕ್ಕೆ ತಂದಿದ್ದಳು, ಬ್ಯಾಗಿನಲ್ಲೇ ಬಿದ್ದಿತ್ತು. ಅಮ್ಮನ ಕಣ್ಣೆದುರೇ ತೆಗೆದು, ಚುಕ್ಕಾಣಿಯ ಎದುರಿಗೆ, ಕಾಫಿ ಕಪ್ಪಿಡುವ ಗೂಡಿನಲ್ಲಿ ಕೂರಿಸಿದಳು. ಅಮ್ಮನಿಗೆ ಸಮಾಧಾನವಾಯಿತು.

ದೋಣಿ ಹೊರಟಿತು, ಮಂಜು ಇಳಿಯಿತು. ದಾರಿ ತೋರಿಸುವ ಸ್ಕ್ರೀನಿನ ಮೇಲೆ ಸುರಕ್ಷಾ ಮೊದಲ ದಿನವೇ ಟವೆಲ್ ಹೊದಿಸಿದ್ದಳು. "ಸ್ಕ್ರೀನ್ ನೋಡಿಕೊಂಡು ಓಡಿಸುವವರು ಊಬರ್ ಓಡಿಸಲಿ," ಎಂಬುದು ಅವಳ ಮಾತು. ಕಂಪಾಸಿನಲ್ಲಿ ಹಿಡಿಯಬೇಕಾದ ದಿಕ್ಕಿನ ಅಂಕಿಯನ್ನು ಗುರುಕಿರಣನಿಗೆ ಹೇಳಿ, ಚಹಾ ಮಾಡಲು ಕೆಳಗಿಳಿದಳು. ಅವಳು ಮೇಲೆ ಬರುವಾಗ ಮಂಜು ಹರಿದಿತ್ತು. ಮೂಗಿನ ನೇರಕ್ಕೆ ಪೀಕೊ ದ್ವೀಪದ ಕಪ್ಪು ಬಂಡೆಗಳು, ಅವುಗಳ ಸುತ್ತ ಬಿಳಿ ನೊರೆ. ಅವನನ್ನು ಪಕ್ಕಕ್ಕೆ ತಳ್ಳಿ ಚುಕ್ಕಾಣಿಯನ್ನು ತಿರುಗಿಸಿದಳು. ದೋಣಿ ಒಂದು ಕಡೆಗೆ ವಾಲಿ, ಇದ್ದಬದ್ದದ್ದೆಲ್ಲ ಉರುಳಿ, ಬಂಡೆ ಕೈಗೆ ಸಿಗುವಷ್ಟು ಹತ್ತಿರದಲ್ಲಿ ತಪ್ಪಿಹೋಯಿತು.

"ಒಂದು ಅಂಕಿ ಹಿಡಿದು ನಿಲ್ಲಲಿಕ್ಕೆ ಆಗುದಿಲ್ಲವಾ ನಿನಗೆ?" ಎಂದು ಅವಳು ಎಲ್ಲರೆದುರು ಕೂಗಿದ್ದಳು. "ಕಂಟೇನರ್ ಲೆಕ್ಕ ಮಾಡಲಿಕ್ಕೆ ಮಾತ್ರ ಲಾಯಕ್ಕು ನೀನು."

"ನೀನು ಹೇಳಿದ ನಂಬರೇ ಹಿಡಿದಿದ್ದೆ," ಎಂದ ಅವನು, ಒಂದೇ ಸಲ.

"ಸುಳ್ಳು ಬೇರೆ."

ಅದಾದ ಮೇಲೆ ಅವನು ಆ ಮಾತೆತ್ತಲಿಲ್ಲ. ಆ ಗಲಾಟೆಯಲ್ಲಿ ಗಣಪತಿಯೂ ಕಾಣೆಯಾಗಿದ್ದ. ಸಮುದ್ರಕ್ಕೆ ಬಿದ್ದಿರಬೇಕೆಂದು ಅದನ್ನೂ ಅವನ ತಲೆಗೇ ಕಟ್ಟಿದಳು.

ಓರ್ತಾ ಬಂದರಿನಲ್ಲಿ ಒಂದು ಪದ್ಧತಿಯಿದೆ. ಅಲ್ಲಿಗೆ ಬಂದ ಪ್ರತಿ ದೋಣಿಯವರೂ ಬಂದರಿನ ಗೋಡೆಯ ಮೇಲೆ ಬಣ್ಣದಲ್ಲಿ ತಮ್ಮ ಹೆಸರು ಬರೆದೇ ಹೋಗಬೇಕು, ಬರೆಯದೆ ಹೋದರೆ ಕಡಲಿಗೆ ಮುನಿಸು ಎನ್ನುತ್ತಾರೆ. ಆರತಿ ಆಸೆಯಿಂದ ಬಣ್ಣ ಕೊಂಡು ತಂದಿದ್ದಳು. "ಬಂಡೆಗೆ ಹೊಡೆಯಲಿಕ್ಕೆ ಹೊರಟವನ ಹೆಸರು ಗೋಡೆಗೆ ಎಂತಕ್ಕೆ? ನನ್ನ ಹೆಸರಿನ ಪಕ್ಕ ಅವನದ್ದು ಬೇಡ," ಎಂದಳು ಸುರಕ್ಷಾ. ಬಣ್ಣದ ಡಬ್ಬಿಗಳು ಮುಚ್ಚಳ ತೆರೆಯದೆಯೇ ವಾಪಸ್ಸಾದವು.

ಅವತ್ತಿನಿಂದ ಅವಳು ಅವನಿಗೆ ‘ನೀವು’ ಎನ್ನತೊಡಗಿದಳು. ಅವನೂ ಹಾಗೇ ಮಾಡಿದ. ಆ ಬಂಡೆಯ ಕಥೆಯನ್ನು ಅವಳು ಕನ್ನಡಿಗರು ಅಡುಗೆ ತಂದು ಹಂಚಿ ಉಣ್ಣುವ ಪಾಟ್‌ಲಕ್ಕಿನಿಂದ ಪಾಟ್‌ಲಕ್ಕಿಗೆ ಉಪ್ಪು ಖಾರ ಹಚ್ಚಿ ಹೇಳಿದಳು, ಮಂದಿ ಹೊಟ್ಟೆ ಹಿಡಿದು ನಕ್ಕರು. ಹೇವರ್ಡ್ ಊರಿನ ಊಟದಲ್ಲೊಮ್ಮೆ ಅವನೇ ಎದುರಿಗಿದ್ದ. ಎಲ್ಲರ ಜೊತೆ ತಾನೂ ನಕ್ಕು, ಅವಳ ತಟ್ಟೆಗೆ ಇನ್ನೊಂದು ವಡೆ ಹಾಕಿ ಹೋದ. ಮಾನ ಮರ್ಯಾದೆ ಇಲ್ಲದವನು ಎಂದುಕೊಂಡಳು. ಆ ವಡೆಯನ್ನು ತಟ್ಟೆಯಲ್ಲೇ ಬಿಟ್ಟು ಎದ್ದಳು. ಪ್ರೀತಿಸಲು ಹೊರಟಿದ್ದ ಮನಸ್ಸು ಅದು, ಅರ್ಧ ದಾರಿಯಲ್ಲಿ ತಡೆದರೆ ಎಲ್ಲಿಗಾದರೂ ಹೋಗಲೇಬೇಕು. ಅವಳದು ತಿರಸ್ಕಾರದ ಕಡೆಗೆ ಹೋಗಿತ್ತು.

ಈಗ ಟೆಸ್ಟು.

ಓಕ್ಲ್ಯಾಂಡಿನ ದೈತ್ಯ ಕ್ರೇನುಗಳ ಕೆಳಗೆ ಹಾದು ದೋಣಿ ಕೊಲ್ಲಿಗೆ ಬಂತು. ಗುರುಕಿರಣ್ ತನ್ನ ಆಫೀಸಿನ ಕಡೆ ಕೈ ಬೀಸಿದ.

"ಯಾರಿಗೆ ಟಾಟಾ?"

"ಸೋಮವಾರಕ್ಕೆ."

ಅವಳು ಮುಖ ತಿರುಗಿಸಿ ನೀರನ್ನು ನೋಡಿದಳು. ತುಟಿ ಮಾತು ಕೇಳಲಿಲ್ಲ, ಸ್ವಲ್ಪ ಬಾಗಿಯೇಬಿಟ್ಟಿತು. ಅವನು ನೋಡಿದನೋ ಇಲ್ಲವೋ ಗೊತ್ತಾಗಲಿಲ್ಲ.

ಹಾಯಿ ಏರಿಸಲು ಹೇಳಿದಳು, ಏರಿಸಿದ. ಬೇ ಬ್ರಿಡ್ಜಿನ ಕೆಳಗೆ ಗಾಳಿ ಒಮ್ಮೆಗೇ ತಿರುಗಿದಾಗ ತಬ್ಬಿಬ್ಬಾಗುತ್ತಾನೆಂದು ಕಾದಳು, ಅವನು ಮೊದಲೇ ಹಗ್ಗ ಸಡಿಲಿಸಿಕೊಂಡಿದ್ದ. ಮೆತ್ತೆಯೊಂದನ್ನು ನೀರಿಗೆಸೆದು "ಮನುಷ್ಯ ಬಿದ್ದ!" ಎಂದು ಕೂಗಿದಳು. ಅವನು ದೋಣಿ ತಿರುಗಿಸಿ ಬಂದು, ಮೆತ್ತೆಯನ್ನು ಎತ್ತಿ, ನೀರು ಹಿಂಡಿ, ಅವಳ ಪಕ್ಕದಲ್ಲಿಟ್ಟ.

"ಪ್ರಾಣ ಉಳೀತು. ಹೆಸರು ಕೇಳ್ಲಾ?"

"ತಮಾಷೆಗೆ ಮಾರ್ಕ್ಸ್ ಇಲ್ಲ."

"ನಗೋದಕ್ಕೆ ಫೈನೂ ಇಲ್ಲ ಅಲ್ವಾ?"

ಎಲ್ಲಿ ಕಲಿತ ಇದನ್ನೆಲ್ಲ? ವರ್ಷವಿಡೀ ಕಲಿತಿದ್ದಾನೆ ಎಂಬುದು ಅವನ ಅಂಗೈಯ ಗಟ್ಟಿ ಚರ್ಮ ನೋಡಿದರೆ ತಿಳಿಯುತ್ತಿತ್ತು. ಫೇಲ್ ಮಾಡಲು ಕಾರಣ ಸಿಗುತ್ತಿಲ್ಲವೆಂಬ ಸಿಟ್ಟಿಗಿಂತ, ತಾನು ಆ ಅಂಗೈಯನ್ನು ಇಷ್ಟು ಹೊತ್ತು ನೋಡುತ್ತಿದ್ದೇನೆಂಬ ಸಿಟ್ಟು ಹೆಚ್ಚಾಯಿತು.

ಅಲ್ಕಟ್ರಾಜ್ ದ್ವೀಪ ದೂರದಲ್ಲಿ ಕಾಣಿಸಿತು. "ದೋಣಿಯ ಮೂತಿ ಅದರ ನೇರಕ್ಕೆ ಇಡಿ. ಕಂಪಾಸ್ ನೋಡಿ. ಈ ಅಂಕಿಯಿಂದ ಅಲ್ಲಾಡಬಾರದು," ಎಂದಳು. ಇಲ್ಲಿ ಸಿಕ್ಕಿಬೀಳುತ್ತಾನೆ, ಹೋದ ಸಲ ಇದರಲ್ಲೇ ಮುಗ್ಗರಿಸಿದವನು. ಕೊಲ್ಲಿಯ ಅಲೆ ಏಳುತ್ತಿತ್ತು, ಬೀಳುತ್ತಿತ್ತು. ಕಂಪಾಸಿನ ಬಿಲ್ಲೆ ಹೇಳಿದ ಅಂಕಿಯ ಮೇಲೆಯೇ ನಿಂತಿತ್ತು. ಅವನ ಕೈ ಅಷ್ಟಿಷ್ಟೇ ಆಡುತ್ತಿತ್ತು, ಕಣ್ಣು ಎತ್ತುತ್ತಿರಲಿಲ್ಲ.

"ಹಸಿವಾಗಿಲ್ವಾ?" ಎಂದ ಕಣ್ಣೆತ್ತದೆಯೇ. "ಡಬ್ಬಿ ತೆಗೀರಿ. ನೀರುದೋಸೆ."

"ನೀರುದೋಸೆಯಾ? ನೀವು ಮಾಡಿದ್ದಾ?"

"ಯೂಟ್ಯೂಬ್ ನೋಡಿ."

ಅವಳು ಡಬ್ಬಿ ತೆರೆದಳು. ಒಂದನ್ನು ಎರಡು ಬೆರಳಲ್ಲಿ ಎತ್ತಿ ಬಿಸಿಲಿಗೆ ಹಿಡಿದಳು. ಆ ಕಡೆಯಿಂದ ಈ ಕಡೆಗೆ ಏನೂ ಕಾಣಲಿಲ್ಲ.

"ಇದು ನೀರುದೋಸೆ ಅಲ್ಲ ಮಾರಾಯ್ರೆ, ಟಾರ್ಪಾಲು. ಹಾಯಿ ಹರಿದರೆ ಇದನ್ನೇ ಕಟ್ಟಬಹುದು."

"ಕೊಬ್ಬರಿ ಬೆಲ್ಲ ಇದೆ ಜೊತೆಗೆ. ಹಾಯಿಗೆ ಅದೆಲ್ಲ ಕೊಡಲ್ಲ."

ತಿಂದಳು. ದಪ್ಪ, ನಡುವೆ ಹಸಿಹಸಿ, ಉಪ್ಪು ಜಾಸ್ತಿ. ಎರಡನೆಯದನ್ನೂ ತಿಂದಳು. ಬೆಲ್ಲ ಕೈಗೆ ಅಂಟಿತು. ಟಿಶ್ಯೂ ಕೇಳಿದಾಗ ಅವನು, "ಬ್ಯಾಗಿನ ಮುಂದಿನ ಜೇಬಲ್ಲಿ," ಎಂದ. ಹೇಳಿದ ಮರುಕ್ಷಣವೇ, "ಅಲ್ಲ, ಇರಿ, ನಾನೇ ಕೊಡ್ತೀನಿ," ಎಂದು ಗಾಬರಿಯಿಂದ ತಿರುಗಿದ. ಚುಕ್ಕಾಣಿ ಬಿಡುವಂತಿರಲಿಲ್ಲ. ಅಷ್ಟರಲ್ಲಿ ಅವಳು ಜಿಪ್ ಎಳೆದಾಗಿತ್ತು.

ಬಿಳಿ ಕರ್ಚೀಫಿನಲ್ಲಿ ಸುತ್ತಿದ ಒಂದು ಪುಟ್ಟ ಗಂಟು. ಬಿಚ್ಚಿದಳು. ಅವಳ ಗಣಪತಿ. ಸೊಂಡಿಲ ತುದಿ ಒಂದಿಷ್ಟು ಮುರಿದ, ಅಮ್ಮ ಹಚ್ಚಿದ ಕುಂಕುಮ ಇನ್ನೂ ಹಣೆಯಲ್ಲಿದ್ದ ಅದೇ ಗಣಪತಿ.

"ಇದು ನಿಮ್ಮ ಹತ್ರ ಉಂಟಾ?" ಅವಳ ದನಿ ಏರಿತು. "ಅಮ್ಮ ವಾರಗಟ್ಟಲೆ ಕೊರಗಿದ್ದಾರೆ, ದೇವರು ಸಮುದ್ರಕ್ಕೆ ಬಿದ್ದ, ಎಂತ ಅಪಶಕುನವೋ ಅಂತ. ಕದ್ದು ಇಟ್ಟುಕೊಂಡದ್ದಾ ನೀವು?"

"ಕದ್ದಿದ್ದಲ್ಲ."

"ಮತ್ತೆ? ನಡೆದುಕೊಂಡು ಬಂದನಾ ನಿಮ್ಮ ಬ್ಯಾಗಿಗೆ?" ಕಾರಣ ಸಿಕ್ಕಿತ್ತು. ಎಷ್ಟು ಒಳ್ಳೆಯ ಕಾರಣ! ಕಳ್ಳನನ್ನು ಯಾರು ತಾನೆ ದೋಣಿ ಹತ್ತಿಸಿಕೊಳ್ಳುತ್ತಾರೆ? ವಿಜಯದ ಅಮಲಿನಲ್ಲಿ ಅವಳು ಗಣಪತಿಯನ್ನು ಹೋದ ವರ್ಷ ಕೂರಿಸಿದ ಹಾಗೆಯೇ, ಕಂಪಾಸಿನ ಪಕ್ಕದಲ್ಲಿದ್ದ ಕಪ್ಪಿನ ಗೂಡಿನಲ್ಲಿ ಕೂರಿಸಹೊರಟಳು.

"ಅಲ್ಲಿ ಬೇಡ," ಎಂದ ಅವನು. "ಸುರಕ್ಷಾ, ಪ್ಲೀಸ್, ಅಲ್ಲಿ ಇಡ್ಬೇಡಿ."

"ಯಾಕೆ? ದೇವರ ಎದುರು ಮುಖ ತೋರಿಸಲಿಕ್ಕೆ ಆಗುದಿಲ್ಲವಾ?"

ಇಟ್ಟಳು.

ದೋಣಿ ಅಲುಗಲಿಲ್ಲ. ಮೂತಿ ಅಲ್ಕಟ್ರಾಜ್‌ನ ನೇರಕ್ಕೇ ಇತ್ತು. ಕಂಪಾಸಿನ ಬಿಲ್ಲೆ ಮಾತ್ರ, ನಿದ್ದೆಯಲ್ಲಿ ಮಗ್ಗುಲು ಬದಲಿಸುವವರಂತೆ, ನಿಧಾನವಾಗಿ ತಿರುಗಿತು. ತಿರುಗಿ, ಬೇರೊಂದು ಅಂಕಿಯ ಮೇಲೆ ಹೋಗಿ ನಿಂತಿತು.

ಅವಳು ಗಣಪತಿಯನ್ನು ಎತ್ತಿದಳು. ಬಿಲ್ಲೆ ವಾಪಸ್ಸು ಬಂತು. ಇಟ್ಟಳು. ಮತ್ತೆ ಹೋಯಿತು. ಪೀಠವನ್ನು ತಿರುಗಿಸಿ ನೋಡಿದಳು. ಡ್ಯಾಶ್‌ಬೋರ್ಡಿಗೆ ಅಂಟಿ ಕೂರಲೆಂದು ಅದರೊಳಗೆ ಮ್ಯಾಗ್ನೆಟ್ಟು. ಲ್ಯಾಬಿನಲ್ಲಿ ದಿನಾ ಮ್ಯಾಗ್ನೆಟ್ಟು ಹಿಡಿದೇ ಕೆಲಸ ಮಾಡುವವಳು ಅವಳು. ಕಂಪಾಸನ್ನು ನಂಬಿ ಬದುಕಿದವರ ಮೊಮ್ಮಗಳು. ಆ ಕಂಪಾಸಿನ ಪಕ್ಕದಲ್ಲಿ ತನ್ನ ಕೈಯಾರೆ ಮ್ಯಾಗ್ನೆಟ್ಟು ಕೂರಿಸಿ, ಸ್ಕ್ರೀನಿಗೆ ಟವೆಲ್ ಹೊದಿಸಿ, ಕೆಳಗೆ ಹೋಗಿ ಚಹಾಕ್ಕೆ ಶುಂಠಿ ಜಜ್ಜಿದ್ದಳು.

ಅವಳು ಹೇಳಿದ ಅಂಕಿಯನ್ನೇ ಅವನು ಹಿಡಿದಿದ್ದ.

ಅವಳು ಕುಳಿತಳು. ಗಣಪತಿಯನ್ನು ಕಂಪಾಸಿನಿಂದ ದೂರ, ಮಡಿಲಲ್ಲಿ ಇಟ್ಟುಕೊಂಡಳು. ಇಷ್ಟು ದಿನ ಜಗತ್ತಿನ ಬಿಳಿ ಶೂಗಳನ್ನೆಲ್ಲ ಕಂಡು ಮೂಗು ಮುರಿದಿದ್ದಳು. ಈಗ ಆ ತಿರಸ್ಕಾರವೆಲ್ಲ ತನ್ನ ಕಡೆಗೇ ತಿರುಗಿ ಬಂತು. ಅದು ಎಷ್ಟು ಖಾರವಿರುತ್ತದೆಂದು ಅವಳಿಗೆ ಈಗ ತಿಳಿಯಿತು.

"ಯಾವಾಗ ಗೊತ್ತಾಯ್ತು ನಿಮಗೆ?"

"ಓರ್ತಾದಲ್ಲೇ, ಅವತ್ತು ಸಾಯಂಕಾಲ. ನಂಬರ್ ಬಿಟ್ಟಿಲ್ಲ ಅಂತ ನಂಗೆ ಗೊತ್ತಿತ್ತಲ್ಲ, ತಲೆ ಕೆಟ್ಟುಹೋಗಿತ್ತು. ಚುಕ್ಕಾಣಿ ಹತ್ರ ಒಬ್ಬನೇ ಕೂತಿದ್ದೆ. ಈ ಗಣಪತಿ ಸೀಟಿನ ಕೆಳಗೆ ಉರುಳಿ ಬಿದ್ದಿದ್ದ. ಎತ್ತಿ ಮತ್ತೆ ಅಲ್ಲೇ ಇಟ್ಟೆ. ಕಟ್ಟಿ ನಿಲ್ಲಿಸಿದ ದೋಣೀಲಿ ಕಂಪಾಸ್ ತಿರುಗ್ತು."

"ಎಂತಕ್ಕೆ ಹೇಳ್ಲಿಲ್ಲ?"

"ಹೇಳೋಕೆ ಅಂತಾನೇ ಬಂದೆ. ನೀವು ಗೋಡೆ ಹತ್ರ ಆರತಿಗೆ ಹೇಳ್ತಾ ಇದ್ರಿ, ನನ್ನ ಹೆಸರಿನ ಪಕ್ಕ ಅವನದ್ದು ಬೇಡ ಅಂತ." ಅವನು ಅಲ್ಕಟ್ರಾಜ್ ಕಡೆಗೇ ನೋಡುತ್ತಿದ್ದ. "ಇನ್ನೂ ದ್ವೀಪಗಳು ಬಾಕಿ ಇದ್ವು. ತರುಣ್ ಆಗ್ಲೇ ಹೆದರಿ ಫ್ಲೈಟ್ ನೋಡ್ತಿದ್ದ. ಸ್ಕಿಪ್ಪರ್‌ದೇ ತಪ್ಪು ಅಂದಿದ್ರೆ ಯಾರೂ ದೋಣಿ ಹತ್ತುತ್ತಿರ್ಲಿಲ್ಲ. ನಾನು ಪೆದ್ದ ಅಂತಾದ್ರೆ ಯಾರಿಗೇನು ಲಾಸು?"

"ಇಲ್ಲಿಗೆ ವಾಪಸ್ ಬಂದ ಮೇಲೆ?"

ಅವನು ಕಂಪಾಸಿನ ಕಡೆಗೆ ಇನ್ನಷ್ಟು ಬಾಗಿದ. ಕಿವಿಯ ಅಂಚು ಕೆಂಪಾಗುತ್ತ ಬಂದದ್ದು ಅವಳಿಗೆ ಕಾಣಿಸಿತು.

"ಹೇಳಿ."

"ವಾಪಸ್ ಬಂದ್ಮೇಲೆ ಅದು ಬರೀ ನನ್ನ ಸ್ವಾರ್ಥ ಕಣ್ರೀ. ಹೇಳಿದ್ರೆ ನಾಚಿಕೆಗೆ ನೀವು ನನ್ನ ಮುಖ ನೋಡೋದನ್ನೇ ಬಿಡ್ತಿದ್ರಿ. ನಿಮ್ಮ ಜಂಬ ನಂಗೊತ್ತಿಲ್ವಾ? ಬೈಯೋಕ್ಕಾದ್ರೂ ನನ್ನ ಕಡೆ ತಿರುಗ್ತಿದ್ರಿ. ಪ್ರತಿ ಪಾಟ್‌ಲಕ್ಕಲ್ಲೂ ನಿಮ್ಮ ಬಾಯಲ್ಲಿ ನನ್ನ ಹೆಸರೇ. ಅಷ್ಟು ಸಾಕು ಅನ್ನಿಸ್ತಿತ್ತು. ಇವತ್ತು ಹೆಂಗೂ ಫೇಲ್ ಮಾಡ್ತೀರ, ಮತ್ತೆ ಸಿಗಲ್ಲ, ಇವನನ್ನ ಕೊಟ್ಟುಬಿಡೋಣ ಅಂತ ತಂದೆ."

ಸುರಕ್ಷಾ ಎದ್ದು ನಿಂತಳು. ಅಳು ಬರುತ್ತಿತ್ತು, ಅದಕ್ಕಿಂತ ಜೋರಾಗಿ ಸಿಟ್ಟು ಬರುತ್ತಿತ್ತು.

"ನಿನ್ನಂಥ ಪೆದ್ದನನ್ನು ನಾನು ಎಲ್ಲಿಯೂ ನೋಡ್ಲಿಲ್ಲ ಮಾರಾಯ! ದೊಡ್ಡ ತ್ಯಾಗ ಮಾಡಿದ್ದು ಅಂತ ಗ್ರಹಿಸಿದ್ದೀಯಾ? ನೀನು ಒಳ್ಳೆಯವ ಆಗ್ಲಿಕ್ಕೆ ಹೋಗಿ ನನ್ನನ್ನು ಒಂದಿಡೀ ವರ್ಷ ಕೆಟ್ಟವಳು ಮಾಡಿದ್ದಿ. ಊರಿಡೀ ನಿನ್ನನ್ನು ನಗಾಡಿದೆ ನಾನು. ಆ ವಡೆ ಬೇರೆ ಹಾಕಿದೆ ತಟ್ಟೆಗೆ!"

‘ನೀನು’ ವಾಪಸ್ಸು ಬಂದದ್ದು ಅವನ ಮುಖದಲ್ಲಿ ಕಾಣಿಸಿತು. ಆದರೂ ಅವನು ನಗಲಿಲ್ಲ.

"ಅದು ನನ್ನ ತಪ್ಪು," ಎಂದ. "ನಿಂಗೆ ಹೇಳ್ಬೇಕಿತ್ತು. ಒಪ್ಕೋತೀನಿ."

"ನೀನು ಒಪ್ಪಿಕೊಳ್ಳುವುದು ಬೇಡ. ಸುಮ್ಮನೆ ಚುಕ್ಕಾಣಿ ಹಿಡಿ."

ಅವಳು ಫೋನ್ ತೆಗೆದು ಗ್ರೂಪಿನಲ್ಲಿ ವಾಯ್ಸ್ ಮೆಸೇಜಿನ ಗುಂಡಿ ಒತ್ತಿದಳು. ಗಾಳಿಗೆ ಕೇಳಿಸಲಿ ಎಂದು ಗಟ್ಟಿಯಾಗಿಯೇ ಹೇಳಬೇಕಾಯಿತು.

"ಆರತಿ, ತರುಣ್, ಇಬ್ಬರೂ ಕೇಳಿ. ಹೋದ ವರ್ಷ ನಮ್ಮನ್ನು ಬಂಡೆಯ ಹತ್ರ ತಕೊಂಡು ಹೋದದ್ದು ಗುರು ಅಲ್ಲ, ನಾನು. ಕಂಪಾಸಿನ ಪಕ್ಕ ಮ್ಯಾಗ್ನೆಟ್ಟಿನ ಗಣಪತಿ ಇಟ್ಟದ್ದು ನಾನು. ಸ್ಕ್ರೀನಿಗೆ ಟವೆಲ್ ಮುಚ್ಚಿದ್ದೂ ನಾನೇ. ಇವನಿಗೆ ಗೊತ್ತಿದ್ದೂ ಬಾಯಿ ಬಿಡ್ಲಿಲ್ಲ. ಪಾಟ್‌ಲಕ್ಕಿನಲ್ಲಿ ನಕ್ಕವರಿಗೆಲ್ಲ ನಾನೇ ಹೇಳ್ತೇನೆ, ಒಬ್ಬೊಬ್ಬರಿಗೂ. ಮತ್ತೆ ಆರತಿ, ಆ ಬಣ್ಣದ ಡಬ್ಬಿ ಬಿಸಾಡಿದ್ದೀಯಾ? ಇದ್ದರೆ ತಾ. ಈ ಸಲ ಗೋಡೆಗೆ ಬರೆಯುವ. ಅವನ ಹೆಸರು ನನ್ನದರ ಪಕ್ಕದಲ್ಲೇ ಇರಬೇಕು. ನಿನ್ನ ತಲೆನೋವು ಕಡಿಮೆ ಆಯ್ತಾ?"

ಬೆರಳು ಬಿಟ್ಟಳು. ಮೆಸೇಜು ಹೋಯಿತು. ಇನ್ನು ಅದನ್ನು ಯಾರೂ ವಾಪಸ್ಸು ತರಲಾರರು, ತರುವುದು ಅವಳಿಗೂ ಬೇಕಿರಲಿಲ್ಲ.

ಗುರುಕಿರಣ್ ಎರಡೂ ಕೈಯಲ್ಲಿ ಚುಕ್ಕಾಣಿ ಹಿಡಿದು ನಿಂತಿದ್ದ. ಗೋಲ್ಡನ್ ಗೇಟಿನ ಕಡೆಯಿಂದ ಗಾಳಿ ಜೋರಾಗಿತ್ತು, ಅವನ ಕೂದಲು ಹಣೆ ಇಳಿದು ಕಣ್ಣಿಗೆ ಬೀಳುತ್ತಿತ್ತು. ಕೈ ತೆಗೆಯುವಂತಿಲ್ಲ, ಟೆಸ್ಟು ನಡೆಯುತ್ತಿದೆಯಲ್ಲ. ಅವಳು ಹತ್ತಿರ ಹೋದಳು. ತುದಿಗಾಲಲ್ಲಿ ನಿಂತು, ಉಫ್ ಎಂದು ಊದಿದಳು.

ಕೂದಲು ಸರಿಯಿತು. ಅವನ ಕಣ್ಣು ಒದ್ದೆಯಾಗಿತ್ತು.

"ವೆಲಾಸ್‌ನ ಮೆಟ್ಟಿಲ ಮೇಲೆ ಒಂದು ಮಾತು ಅರ್ಧಕ್ಕೆ ನಿಂತಿತ್ತು," ಎಂದಳು. "ಮಾರನೇ ದಿನ ಓರ್ತಾದಲ್ಲಿ ಹೇಳುವ ಅಂತ ಇದ್ದೆ."

"ಮುಂದೆ ಹೇಳು," ಎಂದ ಅವನು, ಹೋದ ವರ್ಷದ್ದೇ ದನಿಯಲ್ಲಿ.

"ನೀನೆಂದರೆ ನನಗೆ ಇಷ್ಟ. ಆವತ್ತೂ ಇಷ್ಟ ಇತ್ತು, ಬೈಯುವಾಗಲೂ ಇತ್ತು. ಅದಕ್ಕೇ ಅಷ್ಟು ಬೈದದ್ದು."

ಕಂಪಾಸಿನ ಬಿಲ್ಲೆ ಹೇಳಿದ ಅಂಕಿ ಬಿಟ್ಟು ಎಲ್ಲಿಗೋ ಹೋಯಿತು. ಈ ಸಲ ಗಣಪತಿಯ ತಪ್ಪಿರಲಿಲ್ಲ, ಅವನೇ ಚುಕ್ಕಾಣಿ ಬಿಟ್ಟಿದ್ದ. ಹಾಯಿ ಪಟಪಟ ಬಡಿದುಕೊಂಡಿತು. ಪಕ್ಕದಲ್ಲಿ ಹೋಗುತ್ತಿದ್ದ ಫೆರ್ರಿಯವನು ಹಾರ್ನ್ ಬಾರಿಸಿದ.

"ಟೆಸ್ಟಲ್ಲಿ ಚುಕ್ಕಾಣಿ ಬಿಟ್ಟರೆ ಫೇಲ್," ಎಂದಳು, ಅವನ ಭುಜದಲ್ಲಿ ಮುಖವಿಟ್ಟುಕೊಂಡೇ.

"ಹಂಗಾದ್ರೆ ಹಿಡ್ಕೊಳ್ಲಾ?"

"ಒಂದು ನಿಮಿಷ ಬಿಟ್ಟು ಹಿಡಿ."

ವಾಪಸ್ಸು ಬರುವಾಗ ಚುಕ್ಕಾಣಿ ಅವಳ ಕೈಯಲ್ಲಿತ್ತು. ಮಲ್ಪೆಯ ದೋಣಿಯವರ ಮಗಳು, ಕ್ಲಬ್ಬಿನ ಸ್ಟ್ರಿಕ್ಟ್ ಇನ್‌ಸ್ಟ್ರಕ್ಟರ್, ಬಿಳಿ ಶೂ ಹಾಕಿದ ಮಂದಿಯೆಲ್ಲ ನೋಡುತ್ತಿರುವಾಗ ದೋಣಿಯನ್ನು ಡಾಕಿನ ಕಟ್ಟೆಗೆ ದಢ್ ಎಂದು ಗುದ್ದಿಸಿದಳು. ಗುರುಕಿರಣ್ ಆಕಾಶ ನೋಡಿದ.

"ನಗು ಪರವಾಗಿಲ್ಲ," ಎಂದಳು.

ಅವನು ಆಗ ನಕ್ಕ. ಇಷ್ಟು ದಿನ ಕೂಡಿಟ್ಟದ್ದನ್ನೆಲ್ಲ ಸೇರಿಸಿ ನಕ್ಕ. ಅವಳಿಗೆ ಸಿಟ್ಟು ಬರಲಿಲ್ಲ.

ಅವತ್ತು ಸಂಜೆ ಫಾಸ್ಟರ್ ಸಿಟಿಯ ಅವಳ ಅಪಾರ್ಟ್‌ಮೆಂಟಿನಲ್ಲಿ ಅಮ್ಮನ ವೀಡಿಯೋ ಕಾಲ್ ಬಂತು. ಉಡುಪಿಯಲ್ಲಿ ಬೆಳಗಾಗಿತ್ತು. ಆಶಾಲತಾ ಕನ್ನಡಕ ಏರಿಸಿ ಮಗಳ ಹಿಂದೆ ಕಂಡ ಫ್ರಿಜ್ಜನ್ನು ದಿಟ್ಟಿಸಿದರು. ಫ್ರಿಜ್ಜಿನ ಬಾಗಿಲಿಗೆ ಗಟ್ಟಿಯಾಗಿ ಅಂಟಿಕೊಂಡು ಗಣಪತಿ ಕುಳಿತಿದ್ದ.

"ಅಯ್ಯೋ, ದೇವರು ಸಿಕ್ಕಿದನಾ? ಎಲ್ಲಿದ್ದ ಇಷ್ಟು ದಿನ?"

"ಒಬ್ಬರು ಜೋಪಾನವಾಗಿ ಇಟ್ಟುಕೊಂಡಿದ್ದರು ಅಮ್ಮ."

"ಯಾರು? ಅಲ್ಲಿ ಒಲೆ ಹತ್ರ ನಿಂತದ್ದು ಯಾರದು?"

ಸುರಕ್ಷಾ ಫೋನನ್ನು ಆ ಕಡೆಗೆ ತಿರುಗಿಸಿದಳು. ಗುರುಕಿರಣ್ ಸೌಟು ಹಿಡಿದ ಕೈಯಲ್ಲೇ ನಮಸ್ಕಾರ ಮಾಡಿದ. ಕಾವಲಿಯ ಮೇಲೆ ಇನ್ನೊಂದು ಟಾರ್ಪಾಲು ಬೇಯುತ್ತಿತ್ತು.

"ಇವನು ಗುರುಕಿರಣ್. ನೀರುದೋಸೆ ಮಾಡಲಿಕ್ಕೆ ಬರುದಿಲ್ಲ ಅಮ್ಮ, ಸ್ವಲ್ಪವೂ ಬರುದಿಲ್ಲ. ಆದರೆ ಹಿಡಿದದ್ದನ್ನು ಬಿಡುದಿಲ್ಲ."

ಆಶಾಲತಾ ಫೋನನ್ನು ಕಣ್ಣಿನ ಹತ್ತಿರಕ್ಕೆ ತಂದರು. ಅವನನ್ನು ನೋಡಿದರು, ಮಗಳ ದನಿಯನ್ನು ಕೇಳಿದರು, ಗಣಪತಿಯನ್ನು ಇನ್ನೊಮ್ಮೆ ನೋಡಿದರು.

"ಹಿಟ್ಟು ದಪ್ಪ ಆಯ್ತು ಮಗಾ," ಎಂದರು ಕೊನೆಗೆ, ಅವನಿಗೇ. "ಇನ್ನೊಂದು ಲೋಟ ನೀರು ಹಾಕು."